ಚಿಗವ್ವನ ಸರಾಸರಿ

ಇಡೀ ಹುಬ್ಬಳ್ಳಿ-ಧಾರವಾಡದಲ್ಲಿ ನಮ್ಮ ಚಿಗವ್ವನಷ್ಟು ಬುದ್ಧಿವಂತೆ ಇನ್ನೊಬ್ಬಳಿರಲಿಲ್ಲ. ಅವಳಷ್ಟು ದಡ್ಡಿಯೂ ಇರಲಿಲ್ಲ. ಎರಡಕ್ಕೂ ದವಾಖಾನೆಯವರು ಶಿಕ್ಕಾ ಹೊಡೆದು ಕೊಟ್ಟ ಪುರಾವೆ ಇದೆ! ಉಳಿದದ್ದಕ್ಕೆಲ್ಲ ನನ್ನ ನೆನಪೇ ಆಧಾರ. ಅದನ್ನು ನಾನೇ ಅಷ್ಟಾಗಿ ನಂಬುವುದಿಲ್ಲ. ದಿನಚರಿ ಬರೆಯುವ ಚಟ ಕಾಲೇಜಿನ ಕಾಲದಿಂದಲೂ ಇದೆ, ನಿಜ. ಆದರೆ ಚಿಗವ್ವನ ಪರೀಕ್ಷೆ ನಡೆದ ದಿನದ ಪುಟ ತೆಗೆದರೆ ಅಲ್ಲಿ 'ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಧಗೆ. ತಲೆನೋವು' ಎಂದಷ್ಟೇ ಇದೆ. ಇಂಥ ದಿನಚರಿ ಇದ್ದರೆಷ್ಟು, ಬಿಟ್ಟರೆಷ್ಟು? ಹಾಗಾಗಿ ಇಲ್ಲಿ ಯಾರ ಮಾತು ಯಾರ ಬಾಯಿಗೆ ಹೋಗಿದೆಯೋ, ಯಾವ ವರ್ಷದ ಬಿಸಿಲು ಯಾವ ವರ್ಷಕ್ಕೆ ಬಿದ್ದಿದೆಯೋ, ನಾನು ಪ್ರಮಾಣ ಮಾಡಲಾರೆ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಅವ್ವ ಮತ್ತು ನಾನು ಧಾರವಾಡದಲ್ಲಿ, ಚಿಗವ್ವ ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಅವಳ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆಯ ಮಷೀನು. ಅದರ ಸುತ್ತ ಓಣಿಯ ಹೆಂಗಸರೆಲ್ಲರ ಕುಪ್ಪಸದ ಬಟ್ಟೆಗಳು. ಟೇಪು ಹಿಡಿಯದೆ, ಎದುರಿಗೆ ನಿಂತವಳನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ ಕತ್ತರಿ ಆಡಿಸಿಬಿಡುವಳು. ಹೊಲಿದರೆ ಮೈಗೆ ಅಚ್ಚು ಹೊಯ್ದ ಹಾಗೆ. ಹೊಲಿದರೆ! ತೊಂದರೆ ಇದ್ದದ್ದೇ ಆ 'ರೆ'ಯಲ್ಲಿ. ಒಂದು ತೋಳು ಹಚ್ಚುವಷ್ಟರಲ್ಲಿ ಅವಳಿಗೆ ಆ ಕುಪ್ಪಸದ ಮೇಲಿನ ಪ್ರೀತಿ ತೀರಿ, ಇನ್ನೊಂದರ ಮೇಲೆ ಹುಟ್ಟಿರುತ್ತಿತ್ತು. ಹೀಗಾಗಿ ಅವಳ ಕೋಣೆಯ ಗೂಟಗಳಿಗೆಲ್ಲ ಒಂದೇ ತೋಳಿನ ಕುಪ್ಪಸಗಳು ಜೋತುಬಿದ್ದಿರುತ್ತಿದ್ದವು, ಯಾವುದೋ ಯುದ್ಧದಿಂದ ಮರಳಿದವರ ಹಾಗೆ.

ಓಣಿಯ ಒಂದು ಹುಡುಗಿಯ ಮದುವೆಗೆ ಹೊಲಿದ ಖಣದ ಕುಪ್ಪಸವೂ ಹೀಗೇ ಹೋಯಿತು. ಮದುಮಗಳು ಅದನ್ನು ಹಾಕಿಕೊಂಡಾಗಲೇ ಎಡಗಡೆ ತೋಳಿಲ್ಲದ್ದು ಗೊತ್ತಾದದ್ದು. ಹುಡುಗಿಯ ತಾಯಿ ಅಳತೊಡಗಿದಳು. ಚಿಗವ್ವ ಮಾತ್ರ ಕಣ್ಣರಳಿಸಿ, "ಯಾಕ ಅಳತೀರಿ? ಇನ್ನs ಅಕ್ಕಿಕಾಳು ಬಿದ್ದಿಲ್ಲಲ್ಲ" ಎಂದು ಸೂಜಿ ದಾರ ತರಿಸಿ, ಹುಡುಗಿಯನ್ನು ನಿಲ್ಲಿಸಿಕೊಂಡೇ ತೋಳು ಹೊಲಿದು ಮುಗಿಸಿದಳು. ವಾದ್ಯದವರು ಒಂದು ಹಾಡು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ! ಬಲದೋಳಿಗಿಂತ ಎಡದೋಳೇ ಚೆಂದವಾಗಿತ್ತೆಂದು ನೋಡಿದವರೆಲ್ಲ ಹೇಳಿದರು. ಅವ್ವ ಮಾತ್ರ ಊಟದ ಪಂಕ್ತಿಯಲ್ಲಿ ನನ್ನ ಕಿವಿಯಲ್ಲಿ, "ನೋಡಿದ್ಯಾ, ಮನಸ್ಸ ಮಾಡಿದ್ರ ಎಲ್ಲಾ ಬರತದ. ಬೇಕಂತ ಮಾಡ್ತಾಳ" ಎಂದಳು.

ಬೇಕಂತ ಮಾಡ್ತಾಳ. ಚಿಗವ್ವನ ಬಗ್ಗೆ ನಮ್ಮ ಮನೆಯಲ್ಲಿದ್ದ ಶಾಸ್ತ್ರವೆಲ್ಲ ಈ ಎರಡು ಶಬ್ದಗಳಲ್ಲಿ ಮುಗಿಯುತ್ತಿತ್ತು.

ಇನ್ನು ನೀರಿನ ಸಂಗತಿ. ಆ ವರ್ಷಗಳಲ್ಲಿ ನಮ್ಮ ಅವಳಿ ಊರುಗಳಲ್ಲಿ ನಳಕ್ಕೆ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ನೀರು ಬಂತೆಂದರೆ ಓಣಿಗೆ ಓಣಿಯೇ ಎದ್ದು ಕೊಡ, ಬಕೀಟು, ಡ್ರಮ್ಮು, ಕೊನೆಗೆ ಚಹದ ಬೋಗುಣಿಯನ್ನೂ ಬಿಡದೆ ತುಂಬಿಸುತ್ತಿತ್ತು. ಒಂದು ಸಲ ಹೀಗೆ ಚಿಗವ್ವನೂ ಎದ್ದಳು. ತಾಮ್ರದ ಹಂಡೆ ಹೊರಗೆ ತಂದಳು. ಅದರ ತಳದಲ್ಲಿ ಒಂದು ಹಸಿರು ಕಲೆ ಕಂಡಿತು. ಹುಣಸೆಹಣ್ಣು ಹಚ್ಚಿದಳು. ಕಲೆ ಹೋದ ಜಾಗ ಹೊಳೆದದ್ದಕ್ಕೆ ಉಳಿದ ಹಂಡೆ ಮಬ್ಬಾಗಿ ಕಂಡಿತು. ನೀರು ನಿಂತಾಗ ಓಣಿಯವರ ಮನೆಯಲ್ಲೆಲ್ಲ ವಾರಕ್ಕಾಗುವಷ್ಟು ನೀರು. ಚಿಗವ್ವನ ಮನೆಯಲ್ಲಿ ಮುಖ ನೋಡಿಕೊಳ್ಳುವಷ್ಟು ಥಳಥಳಿಸುವ ಒಂದು ಖಾಲಿ ಹಂಡೆ!

ಅವಳ ಗಂಡ, ನಮ್ಮ ಕಾಕಾ, ಮಾತು ಕಡಿಮೆಯ ಮನುಷ್ಯ. ಚಿಗವ್ವ ನಡೆದ ದಾರಿಯಲ್ಲಿ ಹಿಂದಿನಿಂದ ಫ್ಯಾನು, ದೀಪ, ಗ್ಯಾಸು ಆರಿಸುತ್ತ ಬರುವುದೇ ಅವರ ಸಂಸಾರ. ಹಂಡೆ ನೋಡಿ ಅವರು, "ಛಲೋ ತಿಕ್ಕೀದಿ" ಎಂದರಂತೆ. ಆಮೇಲೆ ಸುಮ್ಮನೆ ಎರಡು ಕೊಡ ಹಿಡಿದು ಪಕ್ಕದ ಮನೆಗೆ ಹೋದರಂತೆ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಆ ಮನೆಯಲ್ಲಿ ಆಯಿ ಇದ್ದಳು. ಆಯಿ ಎಂದರೆ ಅವ್ವನ, ಚಿಗವ್ವನ ತಾಯಿ; ನನ್ನ ಅಜ್ಜಿ. ಇಬ್ಬರು ಹೆಣ್ಣುಮಕ್ಕಳಲ್ಲಿ ಅವಳು ತಾನಾಗಿ ಆರಿಸಿಕೊಂಡದ್ದು ಸಣ್ಣಾಕಿಯ ಮನೆಯನ್ನು. ಅಲ್ಲಿ ಊಟಕ್ಕೆ ಹೊತ್ತುಗೊತ್ತಿಲ್ಲ, ಹಾಸಿಗೆ ಮೇಲೆ ಕುಪ್ಪಸದ ಗುಂಡಿಗಳು, ತಟ್ಟೆಯಲ್ಲಿ ದಾರದ ತುಂಡುಗಳು. ಆದರೂ ಅಲ್ಲೇ. ತಾಯಿ ಮಗಳು ಇಬ್ಬರೂ ಮಧ್ಯಾಹ್ನವೆಲ್ಲ ಯಾವುದೋ ಹಳೆಯ ಕಥೆ ಹೇಳಿಕೊಂಡು ನಗುತ್ತಿದ್ದರು. ಕಥೆ ಎಲ್ಲಿ ಶುರುವಾಗಿತ್ತೆಂಬುದು ಇಬ್ಬರಿಗೂ ನೆನಪಿರುತ್ತಿರಲಿಲ್ಲ.

ಆಯಿಗೆ ಬಿ.ಪಿ. ಇತ್ತು, ದಿನಾ ಮುಂಜಾನೆ ಒಂದು ಗುಳಿಗೆ. ಒಂದೇ ಒಂದು! ಚಿಗವ್ವ ಒಮ್ಮೆ ಗುಳಿಗೆಯನ್ನು ಆಯಿಯ ಅಂಗೈಯಲ್ಲಿಟ್ಟು ನೀರು ತರಲು ಒಳಗೆ ಹೋದಳು. ಒಳಗೆ ಹೋದವಳಿಗೆ ಅಲ್ಲಿ ಒಗ್ಗರಣೆಯೋ, ಬೆಕ್ಕೋ, ಏನು ಸಿಕ್ಕಿತೋ. ನಾನು ಹನ್ನೊಂದರ ಸುಮಾರಿಗೆ ಹೋದಾಗ ಆಯಿ ಕೈ ಚಾಚಿಕೊಂಡೇ ಕೂತಿದ್ದಳು, ಪ್ರಸಾದಕ್ಕೆ ಕೂತವರ ಹಾಗೆ. ಗುಳಿಗೆ ಬೆವರಿಗೆ ಕರಗಿ ಅಂಗೈ ಬೆಳ್ಳಗಾಗಿತ್ತು.

"ಆಯಿ, ಯಾಕ ಹಿಂಗ ಕುಂತೀದಿ? ಕರೀಬಾರದೇನ?"

"ನೀರು ತರಾಕ ಹೋಗ್ಯಾಳವಾ. ಬರ್ತಾಳ."

ಅಷ್ಟು ನಂಬಿಕೆ! ನಾನು ಧಾರವಾಡಕ್ಕೆ ಬಂದು ಇದನ್ನು ನಗುನಗುತ್ತ ಹೇಳಿದೆ. ಅವ್ವ ನಗಲಿಲ್ಲ.

ಮುಂದೆ ಸ್ವಲ್ಪ ದಿನಕ್ಕೆ ಇದರ ಉಲ್ಟಾ ಆಯಿತು. ಕೊಟ್ಟದ್ದನ್ನು ಮರೆತು ಚಿಗವ್ವ ಇನ್ನೊಮ್ಮೆ ಕೊಟ್ಟಳು. ಬಹುಶಃ ಮತ್ತೊಮ್ಮೆಯೂ. ಆಯಿ ಕೊಟ್ಟದ್ದನ್ನೆಲ್ಲ ನುಂಗಿ, ತುಳಸಿಗೆ ನೀರು ಹಾಕಲು ಎದ್ದವಳು ತಲೆ ತಿರುಗಿ ಕಟ್ಟೆಗೆ ಬಿದ್ದಳು. ಹುಬ್ಬು ಸೀಳಿ ಹೊಲಿಗೆ ಬಿತ್ತು. ದವಾಖಾನೆಯಿಂದ ಮನೆಗೆ ತಂದ ದಿನ ಅವ್ವ ಸೆರಗು ಬಿಗಿದು ನಿಂತಳು.

"ನಾ ಕರಕೊಂಡ ಹೋಗ್ತೇನಿ. ಸಾಕು."

"ಅಕ್ಕಾ, ಬ್ಯಾಡ ಅಕ್ಕಾ. ಇನ್ನ ಮ್ಯಾಲೆ ಗಂಟ ಹಾಕ್ಕೊಂತೇನಿ."

ಅವ್ವ ಆ ಸಲಕ್ಕೆ ಆಯಿಯನ್ನು ಅಲ್ಲೇ ಬಿಟ್ಟು ಬಂದಳು. ನಮ್ಮ ಕಡೆ ನೆನಪಿಡಬೇಕಾದ್ದಕ್ಕೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವ ರೂಢಿ ಹೆಂಗಸರಲ್ಲಿದೆ. ಗಂಟು ಕಂಡೊಡನೆ ಕೆಲಸ ನೆನಪಾಗಬೇಕು, ಮುಗಿದೊಡನೆ ಬಿಚ್ಚಬೇಕು. ಸಾಮಾನ್ಯರಿಗೆ ಒಂದು ಗಂಟು ಸಾಕು. ಚಿಗವ್ವ ಗುಳಿಗೆ ಕೊಟ್ಟೊಡನೆ ಒಂದು ಹಾಕಿದಳು. ಹಾಲಿಗೊಂದು, ಗ್ಯಾಸಿಗೊಂದು, ಕೊಟ್ಟ ಮಾತಿನ ಕುಪ್ಪಸಕ್ಕೊಂದು. ಮಧ್ಯಾಹ್ನದ ಹೊತ್ತಿಗೆ ಸೆರಗಿನ ತುಂಬ ಗಂಟು! ಯಾವುದು ಯಾವುದಕ್ಕೆಂದು ಅವಳೇ ಬೆರಳಾಡಿಸುತ್ತ, "ಇದು ಗುಳಗೀದೋ, ಹಾಲಿಂದೋ?" ಎಂದು ಆಯಿಯನ್ನೇ ಕೇಳುವಳು. ಆಯಿ ಕಣ್ಣು ಕಿರಿದು ಮಾಡಿ ಪರೀಕ್ಷಿಸಿ, "ಹಾಲಿಂದ ಇರಬೇಕು, ಸಡ್ಲ ಅದ" ಎಂದು ತೀರ್ಪು ಕೊಡುವಳು. ಇನ್ನು ಸ್ನಾನ ಮಾಡಿ ಸೀರೆ ಬದಲಿಸಿದಳೆಂದರೆ ಮುಗಿಯಿತು, ಅರ್ಧ ದಿನದ ನೆನಪೆಲ್ಲ ಒಗೆಯುವ ಬಟ್ಟೆಯಲ್ಲಿ! ಒಮ್ಮೆ ನೈಲಾನ್ ಸೀರೆ ಉಟ್ಟಿದ್ದಳು. ಅದರಲ್ಲಿ ಗಂಟು ನಿಲ್ಲುವುದೇ ಇಲ್ಲವಲ್ಲ. ಸಂಜೆಗೆ ಒಂದು ಗಂಟೂ ಇಲ್ಲದ್ದನ್ನು ನೋಡಿ, "ಎಲ್ಲಾ ಕೆಲಸ ಮುಗಿಸೇನಿ ಇವತ್ತ!" ಎಂದು ಹಿಗ್ಗಿದಳಂತೆ.

ಆಯಿಯನ್ನು ಕರೆತಂದೇ ತೀರುವೆನೆಂದು ಅವ್ವ ಮತ್ತೆ ಹಟ ಹಿಡಿದಾಗ ನಾನು ಬಾಯಿ ಹಾಕಿದೆ. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದವರ ಪಾಡು ಹೇಳಬಾರದು. ಯಾರ ಮಗು ಹೆಬ್ಬೆರಳು ಚೀಪಿದರೂ, ಯಾರ ಮಾವನಿಗೆ ನಿದ್ದೆ ಬಾರದಿದ್ದರೂ ನಮ್ಮ ಮನೆಗೇ ಬರುತ್ತಿದ್ದರು. ಸಾಲಾಗಿ ಉತ್ತರಿಸಿ ಉತ್ತರಿಸಿ ನನಗೆ ಮನಸ್ಸೆಂಬ ಪದಾರ್ಥದ ಮೇಲೇ ಬೇಸರ ಬಂದಿತ್ತು. ಆದರೂ ಹೇಳಿದೆ: ಇದಕ್ಕೆ ಎ.ಡಿ.ಎಚ್.ಡಿ. ಎಂಬ ಹೆಸರಿರಬಹುದು, ಗಮನ ಒಂದು ಕಡೆ ನಿಲ್ಲದ ತೊಂದರೆ. ಹುಬ್ಬಳ್ಳಿಯಲ್ಲಿ ಒಬ್ಬರು ಡಾಕ್ಟರು ಹೊಸದಾಗಿ ಬಂದಿದ್ದಾರೆ, ತೋರಿಸೋಣ.

"ಅದು ಮಕ್ಕಳಿಗೆ ಬರೂದಲ್ಲೇನ?" ಎಂದಳು ಅವ್ವ. ಅವಳೂ ಎಲ್ಲೋ ಓದಿದ್ದಳು.

"ಮಕ್ಕಳು ದೊಡ್ಡವರಾಗ್ತಾರ ಅವ್ವಾ."

"ಈಕಿ ಎಲ್ಲೆ ಆಗ್ಯಾಳ?"

ಕೊನೆಗೆ ಒಪ್ಪಂದವಾಯಿತು. ಡಾಕ್ಟರು ಏನು ಹೇಳುತ್ತಾರೋ ನೋಡಿ ಆಯಿ ಎಲ್ಲಿರಬೇಕೆಂದು ಠರಾಯಿಸುವುದು. ಅಲ್ಲಿಯವರೆಗೆ ಗುಳಿಗೆ ಕಾಕಾ ಕೊಡುವುದು. ಚಿಗವ್ವ ನನ್ನ ಕೈ ಹಿಡಿದು, "ಪಾಸ್ ಆದ್ರ ಆಯಿ ನನ್ನ ಕಡೆ ಇರತಾಳಲ್ಲ?" ಎಂದು ಕೇಳಿದಳು. ಇದರಲ್ಲಿ ಪಾಸಾಗುವುದೆಂದರೆ ರೋಗ ಇರುವುದೋ, ಇಲ್ಲದಿರುವುದೋ? ನನಗೂ ತಿಳಿಯಲಿಲ್ಲ. ಹೂಂ ಎಂದೆ.

ಪರೀಕ್ಷೆಯ ಕೋಣೆಗೆ ನನ್ನನ್ನು ಬಿಡಲಿಲ್ಲ. ಆದ್ದರಿಂದ ಮುಂದಿನದು ಬಸ್ಸಿನಲ್ಲಿ ಚಿಗವ್ವ ಹೇಳಿದ್ದು. ಚಿಗವ್ವ ಹೇಳಿದ್ದನ್ನು ನಾನು ನೆನಪಿಟ್ಟದ್ದು. ಎಷ್ಟು ನಂಬುತ್ತೀರೋ ನಿಮಗೆ ಬಿಟ್ಟದ್ದು. ಶಬ್ದಗಳ ಅರ್ಥ ಕೇಳಿದಾಗ ಒಂದೊಂದಕ್ಕೆ ಒಂದೊಂದು ಕಥೆಯನ್ನೇ ಹೇಳಿದಳಂತೆ. ಆ ತರುಣ ಡಾಕ್ಟರು ಬರೆದುಕೊಳ್ಳುವುದನ್ನು ಬಿಟ್ಟು ಕೇಳುತ್ತ ಕೂತರಂತೆ. ಬಣ್ಣದ ತುಂಡುಗಳನ್ನು ಜೋಡಿಸಿ ಚಿತ್ರದಂತೆ ಮಾಡಿರೆಂದರೆ ಕಣ್ಣು ಮಿಟುಕಿಸುವುದರಲ್ಲಿ ಮಾಡಿ, "ಈ ಮೂಲಿ ಸರಿ ಇಲ್ಲರಿ, ಹಿಂಗ ಇಟ್ರ ಛಂದ" ಎಂದು ಅವರ ಚಿತ್ರವನ್ನೇ ತಿದ್ದಿದಳಂತೆ. ಆಮೇಲೆ ಅಂಕಿಗಳನ್ನು ಕೇಳಿ ಹಿಂದುಮುಂದಾಗಿ ಹೇಳಬೇಕಿತ್ತು.

"ನಾ ಕೇಳಿದೆ, ನೆಟ್ಟಗ ಇದ್ದದ್ದನ್ನ ಯಾಕ ಹಿಂದಮುಂದ ಮಾಡಬೇಕ್ರಿ ಅಂತ. ಅಷ್ಟರಾಗ ಅಂಕಿ ಹೋದ್ವು."

"ಎಲ್ಲಿಗೆ ಹೋದ್ವು?"

"ಯಾರಿಗೆ ಗೊತ್ತು? ಇದ್ವು, ಹೋದ್ವು. ಖಿಡಕ್ಯಾಗ ಒಂದು ಗುಬ್ಬಿ ಬಂದಿತ್ತ ನೋಡು."

ಕೊನೆಗೆ ಸಣ್ಣ ಸಣ್ಣ ಗುರುತುಗಳನ್ನು ಲಗೂ ಲಗೂ ನಕಲು ಮಾಡುವ ಪರೀಕ್ಷೆ. ಚಿಗವ್ವ ಮೊದಲನೆಯ ಸಾಲನ್ನು ಕಸೂತಿ ಹಾಕಿದಂತೆ ಬರೆಯುತ್ತಿರುವಾಗಲೇ ವೇಳೆ ಮುಗಿಯಿತು. "ಲಗೂ ಬರೀಬೇಕಂತ ಮೊದಲ ಹೇಳಬೇಕಿಲ್ಲೇನ?" ಎಂದು ನನ್ನೆದುರು ಸಿಟ್ಟಾದಳು. ಅವರು ಮೂರು ಸಲ ಹೇಳಿದ್ದರೆಂದು ಆಮೇಲೆ ಗೊತ್ತಾಯಿತು.

ಫಲಿತಾಂಶ ಬಂದಾಗ ಒಂದು ಹಾಳೆಯಲ್ಲಿ ಗೆರೆ ಎಳೆದು ತೋರಿಸಿದರು. ಅದು ಗೆರೆಯೇ? ಒಂದು ಕಡೆ ಗುಡ್ಡ, ಮಗ್ಗುಲಲ್ಲೇ ಬಾವಿ! ಮಾತು, ತಿಳಿವು, ಕಣ್ಣಳತೆ ಇವೆಲ್ಲ ನೂರರಲ್ಲಿ ಒಬ್ಬರಿಗಿರುವಷ್ಟು. ಕೇಳಿದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು, ಬೇಸರದ ಕೆಲಸವನ್ನು ಬೇಗ ಮುಗಿಸುವುದು ಮಾತ್ರ ಪಾತಾಳದಲ್ಲಿ. ಡಾಕ್ಟರು ನಮ್ಮ ಕಡೆಯವರೇ, ಸೌಜನ್ಯದ ಹುಡುಗ. "ಎಲ್ಲಾ ಕೂಡಿಸಿ ಭಾಗಿಸಿದ್ರ ಸರಾಸರಿ ಸಾಮಾನ್ಯ ಬರತದರಿ. ಆದರ ಆ ಸರಾಸರಿ ನೋಡಬ್ಯಾಡ್ರಿ, ಅದರಾಗ ಇವರು ಇಲ್ಲ. ಈ ಏರಿಳಿತ ನೋಡ್ರಿ, ಇದರಾಗ ಇದಾರ. ಮತ್ತ ಬರೇ ಈ ಅಂಕಿ ಮ್ಯಾಲೆ ಇದs ತೊಂದರಿ ಅಂತ ನಾ ಹೇಳಾಕ ಬರೂದಿಲ್ಲ. ಸಣ್ಣವರಿದ್ದಾಗ ಹೆಂಗಿದ್ರು ಅಂತ ಕಂಡವರು ಹೇಳಬೇಕು" ಎಂದು ಒಂದಷ್ಟು ಪ್ರಶ್ನೆ ಕೊಟ್ಟರು.

ಕಂಡವರು ಇಬ್ಬರೇ. ನಾನು ಅವ್ವನನ್ನು ಕೇಳಿದೆ. ಸಾಮಾನು ಕಳೆಯುತ್ತಿದ್ದಳೇ? "ಯಾವಾಗ್ಲೂ." ಹೇಳಿದ್ದನ್ನು ಅರ್ಧಕ್ಕೆ ಬಿಡುತ್ತಿದ್ದಳೇ? "ಯಾವಾಗ್ಲೂ." ಆಯಿಯನ್ನು ಕೇಳಿದೆ. "ಒಮ್ಮೀನೂ ಇಲ್ಲ. ಬಂಗಾರದಂಥಾ ಕೂಸು." ಎರಡನ್ನೂ ಓದಿ ಡಾಕ್ಟರು ಕನ್ನಡಕ ತೆಗೆದು, "ಇಬ್ರೂ ಒಂದs ಹುಡುಗಿ ಬಗ್ಗೆ ಹೇಳ್ಯಾರಲ್ರಿ?" ಎಂದರು.

ಅಂತೂ ಎ.ಡಿ.ಎಚ್.ಡಿ.ಯೇ ಎಂದಾಯಿತು. ಔಷಧಿಯೂ ಇದೆ, ಆದರೆ ನಮ್ಮೂರಲ್ಲಿ ಸುಲಭವಾಗಿ ಸಿಗದು, ತರಿಸಬೇಕು ಎಂದರು. ಹೊರಗೆ ಬಂದು ಚಿಗವ್ವ, "ಕೇಳಿದ್ಯಾ? ಮರವಿಗೆ ಗುಳಗಿ ಅದಂತ. ದಿನಾ ಮರೀದs ತಗೋಬೇಕಂತ!" ಎಂದು ದಾರಿಯಲ್ಲೇ ಹೊಟ್ಟೆ ಹಿಡಿದು ನಕ್ಕಳು. ಧಾರವಾಡದ ಬಸ್ಸು ಹತ್ತಿದೆವು. ಉಣಕಲ್ ಕೆರೆ ದಾಟಿದ ಮೇಲೆ ಮೆಲ್ಲಗೆ,

"ಹಂಗಾರ ನಾ ದಡ್ಡಿ ಅಲ್ಲ?"

"ಅಲ್ಲ ಚಿಗವ್ವಾ."

"ಮೈಗಳ್ಳೀನೂ ಅಲ್ಲ?"

"ಅಲ್ಲ."

"ಅಕ್ಕಗ ನೀನs ಹೇಳು. ನಾ ಹೇಳಾಕ ಹತ್ತಿದ್ರ ನಡುವs ಬ್ಯಾರೆ ಏನರೆ ನೆನಪಾಗತದ." ಕಣ್ಣೊರೆಸಲು ಸೆರಗು ಹಿಡಿದಳು, ಗಂಟು ತಗುಲಿತು. "ಇದ್ಯಾತರದ್ದೋ" ಎಂದು ಅದನ್ನೇ ನೋಡುತ್ತ ಧಾರವಾಡದವರೆಗೂ ಕೂತಳು.

ಅಂದು ಧಾರವಾಡದ ನಮ್ಮ ಅಡುಗೆಮನೆಯಲ್ಲಿ ನ್ಯಾಯ ಕೂತಿತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಗುಡ್ಡ ಬಾವಿಗಳನ್ನೆಲ್ಲ ವಿವರಿಸಿದೆ. ಅವ್ವ ಕೇಳಿದ್ದು ಒಂದೇ:

"ಸರಾಸರಿ ಏನ ಬಂತು?"

"ಸಾಮಾನ್ಯ. ಆದರ..."

"ಎಲ್ಲಾರ ಹಂಗ ಅದಾಳ ಅಂದಂಗಾತು. ಅಂದ ಮ್ಯಾಲೆ ಬೇಕಂತನs ಮಾಡ್ತಾಳ."

ನನಗೆ ರೇಗಿತು. "ಅವ್ವಾ, ಒಂದು ಮಗ್ಗಲ ಕರಕಾಗಿ ಇನ್ನೊಂದು ಮಗ್ಗಲ ಹಸೀನs ಉಳದ ರೊಟ್ಟೀನ್ನ ಸರಾಸರಿ ಛಲೋ ಬೆಂದದ ಅಂತೀಯೇನ?"

"ಅಂಥಾ ರೊಟ್ಟಿ ಈಕೀನs ಮಾಡ್ತಾಳ!"

ಚಿಗವ್ವ ಎಲ್ಲರಿಗಿಂತ ಮೊದಲು ನಕ್ಕಳು. ಅವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, ಈ ಬಾರಿ ದನಿ ಏರಿಸದೆ ಹೇಳಿದಳು: "ರೋಗದಿಂದ ಮರೀಲಿ, ಮೈಗಳ್ಳತನದಿಂದ ಮರೀಲಿ. ಬಿದ್ದಾಕಿ ಬಿದ್ಲಲ್ಲ. ನೀ ಗೆರಿ ತೋರಿಸಿದ್ರ ಹುಬ್ಬು ಕೂಡ್ತದೇನ?"

ಚಿಗವ್ವನೇ ತಲೆದೂಗಿ, "ಅಕ್ಕ ಹೇಳೂದು ಖರೇ ಅದ" ಎಂದಳು. ಆ ವಾರವೇ ಆಯಿ ಧಾರವಾಡಕ್ಕೆ ಬಂದಳು. ಅವಳ ಟ್ರಂಕನ್ನು ಚಿಗವ್ವ ಎಷ್ಟು ಒಪ್ಪವಾಗಿ ತುಂಬಿದ್ದಳೆಂದರೆ ನಾವೆಲ್ಲ ಬೆರಗಾದೆವು. ಒಂದು ವಸ್ತುವನ್ನೂ ಮರೆತಿರಲಿಲ್ಲ.

ನಮ್ಮ ಮನೆಯಲ್ಲಿ ಆಯಿಗೆ ಎಲ್ಲವೂ ಹೊತ್ತಿಗೆ ಸರಿಯಾಗಿ ಸಿಕ್ಕಿತು. ಗಡಿಯಾರದ ಮುಳ್ಳು ನೋಡಿ ಗುಳಿಗೆ, ಬಿಸಿ ಬಿಸಿ ಊಟ, ಎರಡು ಮಡಿಕೆಯ ಹಾಸಿಗೆ. ಬಿ.ಪಿ. ಇಳಿಯಿತು. ನಗುವೂ ಇಳಿಯಿತೆಂದು ಬರೆಯುವ ಆಸೆಯಾಗುತ್ತದೆ. ಆದರೆ ಅದು ನಿಜವೋ, ನಾನು ಆಮೇಲೆ ಹಚ್ಚಿದ ಬಣ್ಣವೋ ತಿಳಿಯದು. ಚಿಗವ್ವ ಮಾತ್ರ ಮನಸ್ಸಾದಾಗೆಲ್ಲ ಬಸ್ಸು ಹತ್ತಿ ಬರುತ್ತಿದ್ದಳು. ಬಂದ ದಿನ ಮನೆಯಲ್ಲಿ ಗದ್ದಲ. ಅವ್ವ ಅವಳಿಗೂ ತಾಟು ಹಾಕುತ್ತಿದ್ದಳು.

ಅಂಥ ಒಂದು ದಿನ ಚಿಗವ್ವ ಬಂದುಹೋದ ಮೇಲೆ ಆಯಿ ನನ್ನನ್ನು ಹತ್ತಿರ ಕರೆದಳು. "ಸಣ್ಣಾಕಿ ನನ್ನ ಹಂಗ ಹುಟ್ಟ್ಯಾಳವಾ" ಎಂದಳು. "ಗರಗದ ಹಳ್ಳ್ಯಾಗ ಇದ್ದಾಗ ನಾ ಚರಕಾ ಹಿಡದು ನೂಲಾಕ ಕುಂತ್ರ ಮುಗೀತು. ಒಲಿ ಮ್ಯಾಲೆ ಏನ ಇಟ್ಟೇನಿ, ಕೂಸು ಎಲ್ಲೆ ಮಲಗೇದ, ಖಬರs ಇರತಿದ್ದಿಲ್ಲ. ನಿಮ್ಮ ಮುತ್ಯಾನ ಕಡೆ ಎಷ್ಟು ಹೊಡತ ತಿಂದೇನಿ!"

"ಮತ್ತ ಮನಿ ಹೆಂಗ ನಡೀತು ಆಯಿ?"

"ದೊಡ್ಡಾಕಿ ಇದ್ಲಲ್ಲ." ಅದೇನು ಕೇಳುವ ಮಾತೇ ಎಂಬಂತೆ ಆಯಿ ನನ್ನನ್ನು ನೋಡಿದಳು. "ಅವರಪ್ಪ ಬರೂದ್ರಾಗ ಎಲ್ಲಾ ನೆಟ್ಟಗ ಮಾಡಿ ಇಡತಿದ್ಲು. ನಾ ಹೊತ್ತಿಸಿದ್ದನ್ನ ತಿಕ್ಕಾಕಿ, ನಾ ಮರತದ್ದನ್ನ ಮಾಡಾಕಿ. ತಂಗೀನ್ನ ಕಂಕುಳಾಗ ಇಟಗೊಂಡs ನೀರು ತರತಿದ್ಲು. ಕೊಡ ಆಕೀಗಿಂತ ದೊಡ್ಡದಿತ್ತು."

ಬಂಗಾರದಂಥ ಕೂಸು ಎಂದದ್ದೂ ಇದೇ ಆಯಿ. ಅವಳ ಮಾತನ್ನು ಎಷ್ಟು ನಂಬಬೇಕು? ಅವ್ವನನ್ನೇ ಕೇಳೋಣವೆಂದು ಅಡುಗೆಮನೆಗೆ ಹೋದೆ. ಅವ್ವ ಅಂದಿನ ಕೆಲಸ ಮುಗಿಸಿ ಹೊಸ್ತಿಲ ಮೇಲೆ, ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಅವಳು ಹಾಗೆ ಸುಮ್ಮನೆ ಕೂತದ್ದನ್ನು ನಾನು ಅದಕ್ಕೂ ಮೊದಲು ಕಂಡ ನೆನಪಿಲ್ಲ. ಪಕ್ಕದಲ್ಲಿ ಕೂತೆ. ಅವಳ ಕೈ ನನ್ನ ಕೈಗೆ ತಾಕಿತು, ಒರಟಾಗಿತ್ತು, ಇನ್ನೂ ಒದ್ದೆ ಇತ್ತು. ಕೇಳಿದೆ. ಅವ್ವ ನನ್ನ ಮುಖ ನೋಡಿದಳು, ಬೇರೆ ಯಾರೋ ಕರೆದಂತೆ ತಿರುಗಿ ಹಿತ್ತಲ ಕಡೆ ನೋಡಿದಳು. ಆಯಿ ತೀರಿಕೊಂಡ ಮೇಲೂ ಒಮ್ಮೆ ಕೇಳಿದ್ದೇನೆ. ಆಗಲೂ ಹಾಗೆಯೇ. ಎರಡೂ ಸಲ ನಾನು ಕೇಳಿದ್ದು ಇಷ್ಟೇ:

"ಅವ್ವಾ, ಗರಗದಾಗ ಕೊಡ ಹೊತ್ತು ನೀರು ತರತಿದ್ದಾಗ ನಿನಗ ಎಷ್ಟು ವರ್ಷ?"